ಮೂರು ದಿನ ನೆಲದೊಳಗಿದ್ದ ಜೋಳ

ಮೂಡಣ ಕೆಂಪಾಗುವ ಹೊತ್ತಿಗೆ ಯಮನೂರಮ್ಮ ದಿಬ್ಬದ ಮೇಲೆ ಮೊಣಕಾಲೂರಿ ಕೂತಿದ್ದಾಳೆ. ಮೂರು ದಿನದ ಹಿಂದೆ ತಾನೇ ತೋಡಿ ಮುಚ್ಚಿದ ಕುಣಿಯ ಮಣ್ಣನ್ನು ಕೈಯಿಂದ ಸರಿಸುತ್ತಾಳೆ. ಒಳಗೊಂದು ಬಟ್ಟೆಯ ಗಂಟು, ಗಂಟಿನಲ್ಲಿ ಒಂದು ಬೊಗಸೆ ಜೋಳ. ಕಾಳು ಮೊಳೆತಿದ್ದರೆ ನೆಲ ನೀರು ಹಿಡಿಯುತ್ತದೆಂದು ಅರ್ಥ. ಮೊಳೆಯದಿದ್ದರೆ ಇಲ್ಲಿ ಮನೆ ಕಟ್ಟಬಹುದು, ಧಾನ್ಯ ತುಂಬಿಡಲು ನೆಲದಡಿಯ ಹಗೇವನ್ನೂ ತೋಡಬಹುದು.

ಹೋದ ಮಳೆಗಾಲ ತುಂಗಭದ್ರೆ ಉಕ್ಕಿ, ಹೊಳೆದಂಡೆಯ ಹನ್ನೊಂದು ಮನೆಗಳ ಹಗೇವಿನ ಜೋಳವನ್ನೆಲ್ಲ ಕೊಳೆಸಿತು. ಮಹಾಯುದ್ಧದ ಲಡಾಯಿ ಮುಗಿದರೂ ಅಂಗಡಿಯಲ್ಲಿ ಕಾಳು ಸಿಗುವ ಭರವಸೆಯಿಲ್ಲ. ಇನ್ನೊಂದು ಮಳೆಗಾಲ ಹಾಗಾದರೆ ಒಲೆ ಹೊತ್ತುವುದಿಲ್ಲ. ಅದಕ್ಕೇ ಆ ಮನೆಯವರೆಲ್ಲ ಹೊಸ ಜಾಗಕ್ಕೆ ಹೊರಟಿದ್ದಾರೆ. ಕೆಳಗಿನ ಬಯಲನ್ನು ಯಮನೂರಮ್ಮ ಎಂಟು ದಿನದ ಹಿಂದೆಯೇ ಬೇಡವೆಂದಳು; ಅಲ್ಲಿ ಕಾಳು ಮೊಳೆತಿತ್ತು. ಈ ದಿಬ್ಬಕ್ಕೋ ಹೊಳೆ ದೂರ. ಕೊಡ ಹೊರಬೇಕಾದವರಲ್ಲಿ ಆಕೆಯ ಮಗಳು ಹುಲಗಮ್ಮನೂ ಒಬ್ಬಳು.

"ಅವ್ವಾ, ಹೆತ್ತ ಮಗಳ ನಡಾ ಮುರೀಲಿ ಅಂತ ಇಷ್ಟು ದೂರ ಹುಡುಕೀಯೇನು?"

"ನಡಾ ನೋವಾದ್ರ ಎಣ್ಣಿ ತಿಕ್ಕತೀನಿ ಬಾ. ಹಗೇವ್ಯಾಗ ನೀರು ಹೊಕ್ರ ಏನು ತಿಕ್ಕಲಿ?"

ಓಣಿಯ ಮುಖಂಡ ಹುಚ್ಚೀರಪ್ಪನಿಗೂ ತಾಳ್ಮೆಯಿಲ್ಲ. "ಯಕ್ಕಾ, ಇಲ್ಲೂ ಮೊಳಕಿ ಬಂದಿದ್ರ ನಮ್ಮನ್ನ ಆಕಾಶಕ್ಕ ಕಳಸ್ತಿಯೇನ?"

"ಆಕಾಶದಾಗ ನೀರು ನಿಲ್ಲದ ಗರಸಿನ ನೆಲ ಇದ್ರ ಕಳಸ್ತೀನೋ ತಮ್ಮಾ."

ಅಳವಂಡಿಯ ಕಡೆ ಹಗೇವು ತೋಡುತ್ತಿದ್ದ ಅಪ್ಪನ ಹಿಂದೆ ಮಣ್ಣಿನ ಬುಟ್ಟಿ ಹೊತ್ತು ಕಲಿತ ಕೆಲಸವಿದು. ಇಪ್ಪತ್ತೆರಡು ವರ್ಷಗಳಲ್ಲಿ, ಕುಷ್ಟಗಿಯಿಂದ ವಿರೂಪಾಪುರಗಡ್ಡೆಯವರೆಗೆ ಅರವತ್ತು ಜಾಗ ನೋಡಿದ್ದಾಳೆ, ಹತ್ತೊಂಬತ್ತನ್ನು ತಳ್ಳಿಹಾಕಿದ್ದಾಳೆ. ಒಂದು ಜಾಗಕ್ಕೆ ಮೂರು ಕುಣಿ, ಮಳೆಯ ಬದಲಿಗೆ ಪ್ರತಿ ಕುಣಿಯ ಸುತ್ತ ನಾಲ್ಕು ಕೊಡ ನೀರು.

ಆ ನೀರು ಸುರಿಯುವುದನ್ನು ಕಲಿಸಿದ್ದು ಅಪ್ಪನಲ್ಲ, ಒಂದು ತಪ್ಪು. ಅಣ್ಣ ದುರುಗಪ್ಪನ ಜಾಗವನ್ನು ಬಿರುಬೇಸಿಗೆಯಲ್ಲಿ ನೋಡಿ, ಒಣ ನೆಲದಲ್ಲೇ ಕಾಳು ಹೂತು, ಛಲೋ ಐತಿ ಎಂದುಬಿಟ್ಟಿದ್ದಳು. ಶ್ರಾವಣದಲ್ಲಿ ಹಗೇವು ತೆಗೆದರೆ ಇಪ್ಪತ್ತು ಚೀಲ ಜೋಳ ಹುಳಿನಾತ ಹೊಡೆಯುತ್ತಿತ್ತು.

"ಅಣ್ಣ ಒಂದ ಮಾತು ಅನ್ಲಿಲ್ರಿ. ಬೈದಿದ್ರ ಭಾಳ ಛಲೋ ಇತ್ತು," ಎನ್ನುತ್ತಾಳೆ, ಗಂಟು ಬಿಚ್ಚುತ್ತ.

ಮೊದಲೆರಡು ಕುಣಿಯ ಕಾಳು ಮೊಳೆಯದೆ ಒಣಗಿಯೇ ಇವೆ. ಇದು ಮೂರನೆಯದು. ಕಾಳನ್ನು ಅಂಗೈಯಲ್ಲಿ ಹರಡಿ, ಮೂಸಿ, ಒಂದನ್ನು ಹಲ್ಲಿಗೆ ಕೊಡುತ್ತಾಳೆ. ಕಟ್ ಎನ್ನುತ್ತದೆ; ಒಣ ಕಾಳು. ಹುಲಗಮ್ಮನಿಗೆ ಅವ್ವನ ಹಲ್ಲಿನ ಮೇಲೆ ನಂಬಿಕೆ ಸಾಲದು. ತಾನೂ ಒಂದು ಕಾಳು ಕಡಿದು ನೋಡುತ್ತಾಳೆ. ಆಮೇಲೆ ನಾಲ್ಕು ಹೆಜ್ಜೆ ನಡೆದು, ಹಿಮ್ಮಡಿಯಿಂದ ಗೆರೆ ಎಳೆದು, "ನನ್ನ ಒಲಿ ಇಲ್ಲೇ. ಯಾರೂ ಜಗಳಕ್ಕ ಬರಬ್ಯಾಡ್ರಿ," ಎನ್ನುತ್ತಾಳೆ. ಹೆಂಗಸರೆಲ್ಲ ನಗುತ್ತ ತಮ್ಮತಮ್ಮ ಮೂಲೆ ಹಿಡಿಯತೊಡಗುತ್ತಾರೆ.

ಯಮನೂರಮ್ಮ ಕುಣಿ ಮುಚ್ಚಿ, ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ತುಸು ನಾಚುತ್ತಾಳೆ.

"ಮಳಿ ಹೊಡದಾಗ ಈ ಮಂದಿ ನನ್ನ ನೆನಸಬಾರದ್ರಿ. ಮಗ್ಗಲ ಬದಲಿಸಿ ಹಂಗ ಮಲಗಬೇಕು. ಅಷ್ಟ ಸಾಕು."