ಅಕ್ಕನ ಮನೆಯೊಳಗಿನ ಗುಹೆ

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಹಬೆಯಲ್ಲಿ ನಿಂತು ಹೋಟೆಲುಗಳ ಚಾದರಗಳ ಸುಕ್ಕು ಬಿಡಿಸುವುದು ಅವಳ ಕೆಲಸ. ಮದುವೆಯಾಗಿರಲಿಲ್ಲ, ಮಕ್ಕಳ ಗೊಡವೆಯೇ ಬೇಡ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅಂಥವಳ ಮಡಿಲಿಗೆ ಅಕ್ಕನ ಮಗಳು ಬಂದು ಬಿದ್ದಳು. ಅಕ್ಕನಿಗೆ ರಕ್ತದ ಕಾಯಿಲೆ ಎಂದು ಆಸ್ಪತ್ರೆಗೆ ಸೇರಿಸಿದ್ದರು. ಭಾವ ಲಾರಿ ಡ್ರೈವರು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ತಂಗಿಯೇ ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಮನೆಗೆ ಬಂದಳು.

ಆ ಹುಡುಗಿಯನ್ನು ಎಲ್ಲರೂ ಚಿನಕುರುಳಿ ಎನ್ನುತ್ತಿದ್ದರು. ಅಮ್ಮ ಆಸ್ಪತ್ರೆಗೆ ಹೋದದ್ದೇ ಅವಳ ಬಾಯಿಗೆ ಬೀಗ ಬಿತ್ತು. ಶಾಲೆಯಲ್ಲಿ ಆದಿಮಾನವರ ಪಾಠ ಶುರುವಾದಾಗ ಮಾತ್ರ ಒಂದೆರಡು ಪ್ರಶ್ನೆ ಕೇಳಿದಳು. ಚಿಕ್ಕಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಸೇರಿ ಉಪ್ಪು ಬೆರೆಸಿದ ಹಿಟ್ಟು ನಾದಿ, ಅದರೊಳಗೆ ಎಲೆ, ಬಸವನಹುಳುವಿನ ಚಿಪ್ಪು ಒತ್ತಿ ಪಳೆಯುಳಿಕೆ ಮಾಡಿದರು. ಕೋಳಿಯ ಮೂಳೆಗಳನ್ನು ತೊಳೆದು ಅಂಟಿಸಿ, ಯಾವ ಯುಗದಲ್ಲೂ ಇದ್ದಿರದ ಒಂದು ಪ್ರಾಣಿಯನ್ನು ನಿಲ್ಲಿಸಿದರು. ಆಮೇಲೆ ಲಾಂಡ್ರಿಯ ಕಂದು ಕಾಗದವನ್ನು ಮುದುಡಿ, ಮೇಜಿನ ಸುತ್ತ ಇಳಿಬಿಟ್ಟು ಗುಹೆ ಕಟ್ಟಿದರು. ಸುಕ್ಕು ತೆಗೆದೇ ಬದುಕಿದವಳ ಕೈಲಿ ಸುಕ್ಕು ಮಾಡಿಸುತ್ತೀಯಲ್ಲೇ ಎಂದು ಚಿಕ್ಕಮ್ಮ ನಕ್ಕಳು. ಗುಹೆಯ ಗೋಡೆಗೆ ಇಬ್ಬರೂ ಕೆಂಪು ಬಣ್ಣದ ಕೈಗುರುತು ಒತ್ತಿದರು. ಆಗ ಹುಡುಗಿ, ಅಮ್ಮನ ಕೈಯೂ ಬೇಕು ಎಂದಳು.

ಚಿಕ್ಕಮ್ಮ ಕಾಗದ, ಬಣ್ಣದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದಳು. ಸೂಜಿ ಚುಚ್ಚಿಸಿಕೊಂಡು ಅಕ್ಕನ ಕೈ ಬಾತಿತ್ತು. ವಿಷಯ ಕೇಳಿದವಳೇ ಅಕ್ಕ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಗುರುತು ಇಟ್ಕೊಳ್ಳೋಕೆ ಬಂದ್ಯಾ? ನಾನಿನ್ನೂ ಬದುಕಿದೀನಿ ಕಣೇ."

ಹಾಗಲ್ಲ ಎಂದು ತಂಗಿ ಹೇಳಹೊರಟಳು. ಆದರೆ ಇದಾದರೂ ಉಳಿಯುತ್ತದೆ ಎಂದು ಬಸ್ಸಿನಲ್ಲಿ ತನಗೂ ಅನ್ನಿಸಿತ್ತಲ್ಲ. ಅವಳ ಮುಖವೇ ಅದನ್ನು ಹೇಳಿಬಿಟ್ಟಿತು. ಅಕ್ಕ ಗೋಡೆಯ ಕಡೆ ತಿರುಗಿದಳು.

ತನ್ನದೇ ಕೈ ಒತ್ತಿ ಒಯ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ತಂಗಿ ಬಸ್ ಸ್ಟಾಪಿನಲ್ಲಿ ಡಬ್ಬಿ ತೆರೆದಳು. ಮನಸ್ಸು ಬರಲಿಲ್ಲ. ಮನೆಗೆ ಬಂದು, ಅಮ್ಮ ಬೇಡ ಅಂದಳು ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಹುಡುಗಿ ಗುಹೆಯನ್ನು ಹರಿದು ಚಿಂದಿ ಮಾಡಿದಳು. ಅತ್ತು ಸುಸ್ತಾಗಿ ಚಿಕ್ಕಮ್ಮನ ತೊಡೆಯ ಮೇಲೇ ಮಲಗಿದಳು. ಅಂದಿನಿಂದ ಅವಳ ಸೆರಗು ಬಿಡಲಿಲ್ಲ.

ಔಷಧಿ ನಾಟಿತು. ಕೆಲವು ತಿಂಗಳಾದ ಮೇಲೆ ಅಕ್ಕ ಮನೆಗೆ ಬಂದಳು, ತಲೆ ಬೋಳು, ಮೈ ಕಡ್ಡಿ. ಮಗಳು ಚಿಕ್ಕಮ್ಮನ ಹಿಂದೆ ಅಡಗಿದಳು. ತಲೆ ಬಾಚಲು, ತುತ್ತು ಉಣಿಸಲು ಚಿಕ್ಕಮ್ಮನೇ ಆಗಬೇಕು. ಒಂದು ಬೆಳಿಗ್ಗೆ ಹುಡುಗಿ ಬೆಚ್ಚಿ ಎದ್ದವಳು ಅಮ್ಮನ ಮಂಚ ದಾಟಿಕೊಂಡು ಚಿಕ್ಕಮ್ಮನ ಹಾಸಿಗೆಗೆ ಬಂದಳು. ಅಕ್ಕನ ಕಣ್ಣು ತೆರೆದೇ ಇದ್ದದ್ದನ್ನು ತಂಗಿ ಕಂಡಳು.

ಅಂದೇ ಗಂಟು ಕಟ್ಟಿದಳು. ಆವತ್ತು ಆಸ್ಪತ್ರೆಯಲ್ಲಿ ಆಡಿದ ಮಾತಿಗೆ ಇನ್ನೂ ಕೋಪವೇ ಎಂದು ಅಕ್ಕ ಕೇಳಿದಳು.

"ಕೋಪ ಏನಿಲ್ಲ. ನಾನು ಇಲ್ಲಿರೋವರೆಗೂ ಅವಳು ನಿನ್ನ ಕಡೆ ತಿರುಗಲ್ಲ."

ಬಾಗಿಲಲ್ಲಿ ಹುಡುಗಿ ಅತ್ತದ್ದು ಮೆಟ್ಟಿಲಿಳಿದು ಬೀದಿಗೆ ಬಂದರೂ ಕೇಳಿಸುತ್ತಿತ್ತು. ಆ ದಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾ ತಂಗಿ ಒಂದು ಚಾದರ ಸುಟ್ಟಳು.

ಮರುದಿನ ಕೆಲಸದ ನಡುವೆ ಅಕ್ಕನ ಫೋನು ಬಂತು. ಮಗಳು ಮಾತೇ ಆಡುತ್ತಿಲ್ಲ, ತಟ್ಟೆ ಎಸೆದಳು, ಬಂದುಬಿಡು ಎಂದಳು.

"ಬರಲ್ಲ ಅಕ್ಕಾ. ಎಸೀಲಿ. ಎಸೆಯೋದಾದ್ರೂ ನಿನ್ನ ಮುಂದೇನೇ ಎಸೀಲಿ," ಎಂದಳು ತಂಗಿ.

ಆಚೆ ಕಡೆ ಹುಡುಗಿ ಏನೋ ಕಿರುಚಿದಳು. ಅಕ್ಕ ಫೋನು ಇಡುವುದನ್ನೂ ಮರೆತು ಮಗಳನ್ನು ಗದರಿದಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ಗದರಿದ್ದು ಅದೇ ಮೊದಲು.