ಎಂಟು ದಿನದ ಹಳೇ ನೀರು

ಕಳೆದ ವಾರ ನನಗೆ ವಿಪರೀತ ಜಂಬ ಬಂದಿತ್ತು.

ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ‘ನಮ್ಮ ಮನೆಯ ಕಾರ್ಬನ್’ ಬಗ್ಗೆ ಮಾತಾಡಲು ಕರೆದಿದ್ದರು. ಊರಿಗೆ ಉಪದೇಶ ಮಾಡುವ ಮೊದಲು ನಮ್ಮ ಪೆಟ್ರೋಲು, ಕರೆಂಟಿನಿಂದ ಏಳುವ ಹೊಗೆ ಎಷ್ಟು ನೋಡೋಣ ಎಂದು ಮೊಬೈಲಿಗೆ ಒಂದು ಆ್ಯಪ್ ಇಳಿಸಿಕೊಂಡೆ. ಕಾರಿದೆಯೇ? ಇಲ್ಲ. ಎಸಿ? ಇಲ್ಲ. (ಗದಗಿನ ಗಾಳಿ ಪುಕ್ಕಟೆ ಇರುವಾಗ ಎಸಿ ಯಾಕೆ?) ವಿಮಾನ? ತಲೆಯ ಮೇಲೆ ಹಾರುವುದನ್ನಷ್ಟೇ ಕಂಡಿದ್ದೇನೆ. ಇರುವುದೊಂದು ಸ್ಕೂಟರು. ಅದೂ ಬೆಟಗೇರಿಗೆ ಹೋಗಿ ಮಿರ್ಚಿ ತಿಂದು ಬರಲಿಕ್ಕೆ.

ಪರದೆಯ ಮೇಲೆ ಹಸಿರು ಎಲೆ ಮೂಡಿತು. ‘ಶಭಾಷ್’ ಎಂದಿತು ಆ್ಯಪ್. ಹೆಂಡತಿ ಗಿರಿಜಾಗೆ ತೋರಿಸಿದೆ.

ಅಷ್ಟರಲ್ಲಿ ಓಣಿಯಲ್ಲಿ ಯಾರೋ ಕೂಗಿದರು, “ನಳ ಬಂದಾವ್ರೀ!”

ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಲುಂಗಿ ಎತ್ತಿ ಕಟ್ಟಿ, ಬ್ಯಾರಲ್, ಕೊಡ, ಹರವಿಗಳಲ್ಲಿ ಉಳಿದಿದ್ದನ್ನೆಲ್ಲ ಗಟಾರಕ್ಕೆ ಸುರಿಯತೊಡಗಿದೆ. ಹೊಸ ನೀರು ಬಂದ ಮೇಲೆ ಹಳೆಯದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ನಮ್ಮವ್ವನ ಕಾಲದಿಂದಲೂ ಇದೇ ಪದ್ಧತಿ.

ಗಿರಿಜಾಳ ತಮ್ಮ ಈರಣ್ಣ ಅವತ್ತು ಕೊರ್ಲಹಳ್ಳಿಯಿಂದ ಬಂದು, ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತ ಕೂತಿದ್ದ. ಅವನಿಗೆ ಅಲ್ಲಿಯ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಕೆಲಸ.

“ಮಾಮಾರ, ಏನ್ ಚೆಲ್ಲಾಕತ್ತೀರಿ?”

“ಹಳೇ ನೀರಪ್ಪಾ.”

“ನೀರಲ್ರಿ ಅದು, ಕರೆಂಟು! ಹೊಳಿಯಿಂದ ಗದಗಿನ ತನಾ ಅದೇನ್ ತಾನ ನಡಕೊಂತ ಬಂದೈತೇನ್ರಿ? ಹಗಲೂ ರಾತ್ರಿ ಮೋಟಾರ್ ಹಚ್ಚಿ ನಾವು ದೂಡಿ ಕಳಸ್ತೇವಿ. ನೀವು ಗಟಾರಕ್ಕ ಹಾಕ್ತೀರಿ.”

ಅರ್ಧ ಬಗ್ಗಿಸಿದ ಕೊಡವನ್ನು ನೆಟ್ಟಗೆ ಮಾಡಿ ಕೆಳಗಿಟ್ಟೆ. ಖರೇನೇ ನಾಚಿಕೆಯಾಯಿತು. ಆ್ಯಪಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲವಲ್ಲ! (ಅದನ್ನು ಮಾಡಿದವರ ಮನೆಯಲ್ಲಿ ದಿನವಿಡೀ ನಳ ಬರುತ್ತಿರಬೇಕು.)

ಈಗ ಭಾಷಣದ ಗತಿ? ಹಸಿರು ಎಲೆ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಈರಣ್ಣ ಅಲ್ಲಿಗೇನು ಬರುವವನಲ್ಲ. ಆದರೂ ಕಾಲೇಜಿನಲ್ಲಿ ಮೈಕು ಹಿಡಿದಾಗ ಮನಸ್ಸು ತಡೆಯದೆ ಎಲ್ಲ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಇನ್ನ ಮ್ಯಾಲ ಚೆಲ್ಲಂಗಿಲ್ಲಲ್ಲಾ?”

“ಇಲ್ಲವ್ವಾ,” ಎಂದೆ. ಮೈಕಿನಲ್ಲೇ.

ಮಾತೇನೋ ಕೊಟ್ಟಾಯಿತು, ನನ್ನ ನಾಲಿಗೆಯ ಪಾಡು? ಒಂದು ಗುಟುಕಿಗೇ ಹಳೇ ನೀರು ಗುರುತಿಸುತ್ತೇನೆ ಎಂದು ಮದುವೆಯಾದಾಗಿನಿಂದ ಕೊಚ್ಚಿಕೊಂಡವನು ನಾನು.

ಇವತ್ತು ಬೆಳಿಗ್ಗೆ ಮತ್ತೆ ನಳ ಬಂತು. ಒಂದು ತಂಬಿಗೆಯೂ ಚೆಲ್ಲಲಿಲ್ಲ. ಖಾಲಿಯಾದ ಕೊಡಗಳನ್ನಷ್ಟೇ ತುಂಬಿಸಿಟ್ಟೆವು. ಗಿರಿಜಾ ಚಹಾ ತಂದಳು. ಹೀರಿದೆ. ಆಹಾ!

“ನೋಡು, ಹೊಸಾ ನೀರಿನ ಚಹಾದ ರುಚಿನ ಬ್ಯಾರೆ!”

“ಹೋದ ವಾರದ ನೀರ್ರೀ ಅದು,” ಎಂದವಳು ಸೆರಗು ಬಾಯಿಗಿಟ್ಟು ನಕ್ಕಳು, ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಇನ್ನೊಂದು ಕಪ್ ಕೇಳಿ ಕುಡಿದೆ.

ಅಲ್ಲ, ಎಂಟು ದಿನಕ್ಕೇ ನೀರಿಗೆ ಮುಪ್ಪು ಬರುತ್ತದೆ ಎಂದು ನಮಗೆ ಹೇಳಿದವರಾದರೂ ಯಾರು?