ತಪ್ಪು ಎನ್ನಲು ಕಲಿತ ಭಾನುವಾರಗಳು

ಅಮೆರಿಕದ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು, ಯಹೂದಿ. ೨೦೦೨ರ ಸುಮಾರಿಗೆ ಒಂದು ದಿನ ಬೇಲಿಯಾಚೆಯಿಂದ ಕರೆದು, ತಮ್ಮ ಜತೆ ಧರ್ಮಗ್ರಂಥ ಓದಲು ಬರುತ್ತೀಯಾ ಎಂದು ಕೇಳಿದರು. ಅವರಲ್ಲಿ ಅದನ್ನು ಒಬ್ಬರೇ ಓದುವ ಪದ್ಧತಿಯಿಲ್ಲವಂತೆ. ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದಬೇಕು, ವಾದ ಮಾಡಬೇಕು. ಮೂವತ್ತು ವರ್ಷ ಜತೆಗೆ ಓದಿದ ಗೆಳೆಯ ತೀರಿಕೊಂಡಿದ್ದರು.

"ನಿಮ್ಮ ಭಾಷೆ ನನಗೆ ಬರಲ್ಲ ಅಂಕಲ್, ಧರ್ಮಾನೂ ಬೇರೆ" ಎಂದೆ.

"ಮೂಲದ ಪಕ್ಕದಲ್ಲೇ ಇಂಗ್ಲಿಷ್ ಅನುವಾದ ಇದೆ. ನಿನಗೆ ಬಾಯಿ ಇದೆಯಲ್ಲ, ಸಾಕು" ಎಂದರು. ನನ್ನ ಬಾಯಿಯ ಖ್ಯಾತಿ ಬೇಲಿ ದಾಟಿತ್ತು.

ಭಾನುವಾರ ಬೆಳಿಗ್ಗೆ ಅವರ ಅಡುಗೆಮನೆಯ ಮೇಜಿನ ಮೇಲೆ ಓದು. ಪುಟದ ನಡುವೆ ಮೂಲ, ಸುತ್ತಲೂ ಬೇರೆ ಬೇರೆ ಕಾಲದವರ ವ್ಯಾಖ್ಯಾನ. ನಮ್ಮದು ಕಳೆದುಹೋದ ವಸ್ತುಗಳ ಅಧ್ಯಾಯ. ದಾರಿಯಲ್ಲಿ ಚೆಲ್ಲಿದ ಹಣ್ಣು ಸಿಕ್ಕವರದು. ಗುರುತಿರುವ ವಸ್ತುವಾದರೆ ಸಾರಿ ಹೇಳಿ ಕಳೆದುಕೊಂಡವರನ್ನು ಹುಡುಕಬೇಕು.

ನಾನೋ ಮೈಸೂರಿನಲ್ಲಿ ಸಂಗೀತ ಕಲಿತವಳು. ಅಲ್ಲಿ ಸಂಗೀತದ ಮೇಷ್ಟ್ರು ಒಂದು ಸಲ ಹಾಡಿದ್ದನ್ನು ನಾವು ಎರಡು ಸಲ ಹಾಡಬೇಕು, ನಡುವೆ ಬಾಯಿ ಹಾಕಿದರೆ ಕೆಟ್ಟೆವು. ಆ ಅಭ್ಯಾಸವನ್ನೇ ಇಲ್ಲಿಗೂ ತಂದೆ. ಅವರು ಏನೆಂದರೂ ಹೌದು ಅಂಕಲ್. ಮನೆಯಲ್ಲಿ ಗಂಡನಿಗೆ ನಗು. "ಆಫೀಸಲ್ಲಿ ಮ್ಯಾನೇಜರನ್ನೂ ಬಿಡಲ್ಲ, ಇಲ್ಲಿ ನನ್ನೂ ಬಿಡಲ್ಲ. ಅಲ್ಲಿ ಹೋಗಿ ಕೋಲೆಬಸವನ ಥರ ತಲೆ ಆಡಿಸ್ತೀಯಾ?"

ಒಂದು ಭಾನುವಾರ ಅವರು, ಗುರುತಿದ್ದ ಗಂಟೂ ಸಿಕ್ಕವನದೇ ಎಂದು ವಿವರಿಸಿದರು. ಹಿಂದಿನ ವಾರ ಅದಕ್ಕೆ ತದ್ವಿರುದ್ಧವಾಗಿ ಓದಿದ್ದೆವು. ನನಗೆ ಗೊತ್ತಾಯಿತು, ಹಿರಿಯರೆಂದು ಸುಮ್ಮನೆ ತಲೆಯಾಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ಅನುಮಾನ ಬಂದು, ಪುಟ ಹಿಂದಕ್ಕೆ ತಿರುವಿ ನೋಡಿ, ಕನ್ನಡಕ ತೆಗೆದಿಟ್ಟರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ದೊಡ್ಡೋರಿಗೆ ಹೇಗೆ ಹೇಳೋದು ಅಂತ..."

"ನನಗೆ ಮರೆವು ಶುರುವಾಗಿದೆ, ಡಾಕ್ಟರ್ ಹೇಳಿದಾರೆ. ಎಲ್ಲಿ ತಪ್ತಾ ಇದೀನಿ ಅಂತ ನನಗೇ ತಿಳಿಯಲ್ಲ. ಮಗಳು ಪ್ರೀತಿಗೆ ಸುಮ್ಮನಿರ್ತಾಳೆ. ಅದಕ್ಕೇ ನಿನ್ನನ್ನ ಕರೆದಿದ್ದು."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರ್ಯಾದೆ ಕೊಡುತ್ತಿದ್ದೇನೆಂದು ಬೀಗುತ್ತಾ ಅವರ ಕೈಬಿಟ್ಟಿದ್ದೆ.

ಮುಂದಿನ ವಾರದಿಂದ ನನ್ನ ನಿಜವಾದ ಬಾಯಿ ಹೊರಬಂತು. "ತಪ್ಪು ಅಂಕಲ್" ಎನ್ನುತ್ತಿದ್ದೆ. ಅವರು ಮೇಜು ಗುದ್ದುತ್ತಿದ್ದರು, ನಾನು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಬಹಳ ಸಲ ಅವರೇ ಸರಿ. ಆಗ ಅವರ ಗತ್ತು ನೋಡಬೇಕಿತ್ತು. ಆ ಮುದುಕರನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ, ಭಾನುವಾರ ಯಾರಾದರೂ ಊಟಕ್ಕೆ ಕರೆದರೆ ಸಿಟ್ಟು ಬರುತ್ತಿತ್ತು.

ಎರಡು ವರ್ಷವಾದ ಮೇಲೆ ಮಗಳು ಅವರನ್ನು ಹ್ಯೂಸ್ಟನ್‌ಗೆ ಕರೆದುಕೊಂಡು ಹೋಗುವುದೆಂದಾಯಿತು. ಕೊನೆಯ ಭಾನುವಾರ ಸುತ್ತ ಪ್ಯಾಕ್ ಮಾಡಿದ ಡಬ್ಬಗಳ ನಡುವೆ ಓದಲು ಕೂತೆವು. ಅವರು ಒಂದು ಸಾಲು ಓದಿ, ಮುಂದಿನದಕ್ಕೆ ಹೋಗದೆ ಮತ್ತೆ ಅದನ್ನೇ ಓದಿದರು. ಮೂರನೆಯ ಸಲವೂ ಅದೇ. ಇವತ್ತೊಂದು ದಿನ ಬಿಟ್ಟುಬಿಡೋಣ ಎಂದು ಕರುಳು ಹೇಳುತ್ತಿತ್ತು.

"ಅದನ್ನ ಆಗಲೇ ಓದಿದ್ರಿ, ಅಂಕಲ್."

ಬೆರಳನ್ನು ಕೆಳಗಿನ ಸಾಲಿಗೆ ಜರುಗಿಸಿ, "ಅಲ್ಲಿ ನನಗೆ ಯಾರು ಹೇಳ್ತಾರೆ?" ಎಂದರು.

"ಫೋನ್ ಮಾಡಿ, ನಾನು ಹೇಳ್ತೀನಿ."

"ಹೀಗೇ ಜಗಳ ಆಡ್ತೀಯಾ?"

"ಇದಕ್ಕಿಂತ ಜಾಸ್ತಿ" ಎಂದೆ. ಅವರು ಪುಸ್ತಕ ಮುಚ್ಚಲು ಹೋದರು. ನಾನು ಬಿಡಲಿಲ್ಲ, ಇನ್ನೂ ಅರ್ಧ ಪುಟ ಬಾಕಿಯಿತ್ತು.